ಹೇಳಿದ್ದು ತಲುಪಿತೇ? ಗಡಿನಾಡಿನ ಮನೆ, ಕಚೇರಿ, ಸಭೆಗಳಿಗೆ ಒಂದು ಸಂವಹನ ಮಾರ್ಗದರ್ಶಿ

ನಮ್ಮ ಬಂಧುವೊಬ್ಬರು ಸುಳ್ಯ ಕಡೆಯಿಂದ ಬಂದು ಕಾಸರಗೋಡಿನ ಒಳನಾಡಿನಲ್ಲಿ ಸ್ವಲ್ಪ ಅಡಿಕೆ ತೋಟ ತೆಗೆದುಕೊಂಡರು. ಜಾಗವನ್ನು ತಮ್ಮ ಹೆಸರಿಗೆ ಮಾಡಿಸಲು ವಿಲ್ಲೇಜ್ ಆಫೀಸಿಗೆ ಹೋದರು. ಇಲ್ಲಿ ಆ ಕೆಲಸಕ್ಕೆ ಪೋಕ್ಕುವರವ್ ಎನ್ನುತ್ತಾರೆ. ಮೇಜಿನ ಆಚೆ ಇದ್ದವರು ಮಲಯಾಳದಲ್ಲಿ ಕೇಳಿದರು, "ಆಧಾರಂ ಉಂಡೋ?" ಇವರು ಕಿಸೆಯಿಂದ ಆಧಾರ್ ಕಾರ್ಡ್ ತೆಗೆದು ಕೊಟ್ಟರು. "ಇದಲ್ಲ, ಆಧಾರಂ" ಎಂದರು ಅವರು. ಇವರು ಕಾರ್ಡಿನ ಹಿಂಬದಿ ತಿರುಗಿಸಿ ತೋರಿಸಿದರು. ಎರಡೂ ಕಡೆ ಸ್ವರ ಸ್ವಲ್ಪ ಏರಿತು. ಕೊನೆಗೆ ಕೆಲಸ ಆಗದೆ ಮನೆಗೆ ಬಂದರು.

ಮಲಯಾಳದಲ್ಲಿ ಆಧಾರಂ ಎಂದರೆ ಜಾಗದ ಕ್ರಯಪತ್ರ. ಅದು ಇವರ ಮನೆಯ ಕಪಾಟಿನಲ್ಲೇ ಇತ್ತು.

ಅಲ್ಲಿ ಯಾರದ್ದೂ ತಪ್ಪಿರಲಿಲ್ಲ. ಕೇಳಿದವರು ಸರಿಯಾಗಿಯೇ ಕೇಳಿದ್ದರು, ಇವರು ಸರಿಯಾಗಿಯೇ ಕೇಳಿಸಿಕೊಂಡಿದ್ದರು. ಆದರೂ ಅರ್ಥ ಮಾತ್ರ ದಾಟಲಿಲ್ಲ. ಕನ್ನಡ, ತುಳು, ಮಲಯಾಳ, ಕೊಂಕಣಿ, ಮರಾಠಿ, ಬ್ಯಾರಿ ಎಲ್ಲ ಒಂದೇ ಬಸ್ಸಿನಲ್ಲಿ ಕೇಳಿಸುವ ಊರು ನಮ್ಮದು. ಇಲ್ಲಿ ಬದುಕುವವರಿಗೆ ಸಂವಹನ ಅನ್ನುವುದು ಕಾಲೇಜಿನ ಪಾಠಕ್ಕಷ್ಟೇ ಸೇರಿದ್ದಲ್ಲ, ದಿನಾ ಬೇಕಾಗುವ ವಿದ್ಯೆ. ಆ ವಿದ್ಯೆಯನ್ನು ನಾನು ಬಳಸುವ ರೀತಿಯಲ್ಲಿ, ಹೆಜ್ಜೆ ಹೆಜ್ಜೆಯಾಗಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಅಂಗಗಳನ್ನು ಗುರುತಿಸಿ

ಆ ಆಧಾರಂ ಪ್ರಸಂಗವನ್ನೇ ಬಿಡಿಸಿ ನೋಡಿ. ಮಾತಾಡಿದವರು ಒಬ್ಬರು, ಕೇಳಿದವರು ಒಬ್ಬರು. ನಡುವೆ ಒಂದು ಸಂದೇಶ: "ಜಾಗದ ದಾಖಲೆ ಕೊಡಿ." ಆ ಸಂದೇಶ ಮನಸ್ಸಿನಿಂದ ಮನಸ್ಸಿಗೆ ನೇರವಾಗಿ ಹಾರುವುದಿಲ್ಲ, ಅದಕ್ಕೊಂದು ಸಂಕೇತದ ಬಟ್ಟೆ ಬೇಕು. ಇಲ್ಲಿ ಆ ಸಂಕೇತ ಮಲಯಾಳ ಭಾಷೆ. ಸಂಕೇತ ಸಾಗಲು ಒಂದು ದಾರಿ ಬೇಕು. ಇಲ್ಲಿ ಅದು ಬಾಯಿಮಾತು, ಬೇರೆ ಕಡೆ ಫೋನ್, ಕಾಗದ, ಮೈಕ್, ವಾಟ್ಸಾಪ್. ದಾರಿಯಲ್ಲಿ ಅಡ್ಡಿಗಳಿರುತ್ತವೆ. ಕೇಳಿದವರು ಸಂಕೇತವನ್ನು ಬಿಚ್ಚಿ ಅರ್ಥ ಮಾಡಿಕೊಂಡು ಏನೋ ಒಂದು ಮರಳಿಸುತ್ತಾರೆ. ಇವರು ಕೊಟ್ಟ ಕಾರ್ಡೇ ಆ ಮರುಮಾತು. ಇದೆಲ್ಲದರ ಸುತ್ತ ಸಂದರ್ಭ ಇದೆ: ಕಚೇರಿ, ಹಿಂದೆ ನಿಂತ ಸಾಲು, ಹೊಸ ಊರಿನ ಅಳುಕು.

ಮಾತು ಕೆಟ್ಟಾಗ "ಅವನಿಗೆ ಹೇಳಿದ್ರೆ ತಲೆಗೆ ಹೋಗುವುದಿಲ್ಲ" ಎಂದು ನಾವು ಆಳಿನ ಮೇಲೆ ಹಾಕುತ್ತೇವೆ. ಅದರ ಬದಲು ಯಾವ ಅಂಗದಲ್ಲಿ ಸಿಕ್ಕಿಕೊಂಡಿತು ಎಂದು ಕೇಳಿ. ತೋಟಕ್ಕೆ ನೀರು ಬಾರದಿದ್ದರೆ ಪಂಪಿಗೆ ಬೈಯುವುದಿಲ್ಲ, ಪೈಪಿನ ಜೋಡಣೆ ಜೋಡಣೆಯಾಗಿ ನೋಡುತ್ತಾ ಹೋಗುತ್ತೇವೆ, ಅಲ್ವಾ? ತಜ್ಞರು ಮಾಡಿದ ಸಂವಹನ ಮಾದರಿಗಳು ಅಂಥ ಪೈಪ್‌ಲೈನ್ ನಕ್ಷೆಗಳು. ಎಲ್ಲ ನಕ್ಷೆಯೂ ಎಲ್ಲ ಕೆಲಸಕ್ಕೆ ಬರುವುದಿಲ್ಲ. ಯಾವುದು ಎಲ್ಲಿಗೆ ಎಂದು ತಿಳಿದರೆ ಸಾಕು.

ಎರಡನೇ ಹೆಜ್ಜೆ: ಸದ್ದು ಸರಿಯಾಗಿ ತಲುಪಲಿ

1948ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಗಣಿತಜ್ಞ ಕ್ಲಾಡ್ ಶ್ಯಾನನ್ ಒಂದು ಲೇಖನ ಬರೆದರು. ಟೆಲಿಫೋನ್ ತಂತಿಯಲ್ಲಿ ಸಂದೇಶ ಕೆಡದೆ ಹೋಗುವುದು ಹೇಗೆ ಎಂಬುದು ಅವರ ಪ್ರಶ್ನೆ. ಮರುವರ್ಷ ವಾರೆನ್ ವೀವರ್ ಜೊತೆಗೆ ಅದು ಪುಸ್ತಕವಾಯಿತು. ಅವರ ಚಿತ್ರ ಸರಳ. ಮೂಲ, ಕಳಿಸುವ ಯಂತ್ರ, ದಾರಿ, ಪಡೆಯುವ ಯಂತ್ರ, ಗುರಿ. ದಾರಿಯ ಮೇಲೆ ಹೊರಗಿನಿಂದ ಬಂದು ಬೀಳುವ ಗದ್ದಲ. ಅರ್ಥದ ಗೊಡವೆಗೆ ಶ್ಯಾನನ್ ಹೋಗಲಿಲ್ಲ, ತಮ್ಮ ಲೆಕ್ಕಕ್ಕೆ ಅದು ಬೇಡ ಎಂದು ಮೊದಲೇ ಹೇಳಿಬಿಟ್ಟರು.

ಈ ಮಾದರಿಯ ದೊಡ್ಡ ಕೊಡುಗೆ ಒಂದು ತಿಳುವಳಿಕೆ: ಗದ್ದಲ ಇದ್ದಲ್ಲಿ ಹೇಳಿದ್ದನ್ನೇ ಬೇರೆ ರೂಪದಲ್ಲಿ ಮತ್ತೆ ಹೇಳಬೇಕು. ಯಕ್ಷಗಾನದ ಪ್ರಚಾರಕ್ಕೆ ಬರುವ ಜೀಪಿನ ಮೈಕ್ ಕೇಳಿದ್ದೀರಲ್ಲ. ದಿನ, ಜಾಗ, ಪ್ರಸಂಗದ ಹೆಸರನ್ನು ಮತ್ತೆ ಮತ್ತೆ ಹೇಳುತ್ತಾ ಹೋಗುತ್ತಾರೆ. ಮೊದಲ ಸಲ ಗಾಳಿಗೆ ಹೋದದ್ದು ಎರಡನೇ ಸಲ ಸಿಗುತ್ತದೆ. ಅದು ಸುಮ್ನೆ ಉದ್ದ ಮಾಡಿದ್ದಲ್ಲ.

ನೀವು ಮಾಡಬೇಕಾದ್ದು ಇಷ್ಟು. ಫೋನಿನಲ್ಲಿ ಸಂಖ್ಯೆ ಹೇಳುವಾಗ ಬಿಡಿಬಿಡಿಯಾಗಿ ಹೇಳಿ. ಎಪ್ಪತ್ತು, ಎಂಬತ್ತು ಎಂಬ ಜೋಡಿಯನ್ನು ಗಮನಿಸಿ. ತುಳುವಿನಲ್ಲಿ ಎಳ್ಪ, ಎಣ್ಪ. ಮಲಯಾಳದಲ್ಲಿ ಎಳುಪದ್, ಎಣ್ಬದ್. ಮೂರು ಭಾಷೆಯಲ್ಲೂ ಸದ್ದು ಹತ್ತಿರ ಹತ್ತಿರ. ಗುಡ್ಡದ ಬದಿಯ ಮನೆಯಲ್ಲಿ ರೇಂಜ್ ಅರ್ಧ ಸಿಕ್ಕುವಾಗ ಅಡಿಕೆಯ ರೇಟು ಕೇಳಿದರೆ ಏನಾಗಬಹುದು ಯೋಚಿಸಿ. "ಏಳು, ಸೊನ್ನೆ" ಎಂದರೆ ಗೊಂದಲವಿಲ್ಲ. ದಿನ ಹೇಳುವಾಗ ವಾರವನ್ನೂ ತಾರೀಕನ್ನೂ ಎರಡನ್ನೂ ಹೇಳಿ. ಒಂದು ತಪ್ಪಿದರೆ ಇನ್ನೊಂದು ಹಿಡಿಯುತ್ತದೆ.

ಮೂರನೇ ಹೆಜ್ಜೆ: ಪದ ಹೋಯಿತು, ಅರ್ಥ ಹೋಯಿತೇ?

ನಮ್ಮ ಊರಿಗೆ ಅತಿ ಮುಖ್ಯವಾದ ಹೆಜ್ಜೆ ಇದು. ಸ್ವಲ್ಪ ನಿಧಾನಿಸುತ್ತೇನೆ.

ವೀವರ್ ಒಂದು ಒಳ್ಳೆಯ ವಿಂಗಡಣೆ ಮಾಡಿದರು. ಸಂಕೇತ ಕೆಡದೆ ತಲುಪಿತೇ ಎಂಬುದು ಒಂದು ಮಟ್ಟ. ಅದು ಉದ್ದೇಶಿಸಿದ ಅರ್ಥವನ್ನೇ ಕೊಟ್ಟಿತೇ ಎಂಬುದು ಎರಡನೆಯದು. ಕೇಳಿದವರು ಅದರಂತೆ ನಡೆದರೇ ಎಂಬುದು ಮೂರನೆಯದು. ಆಧಾರಂ ಪ್ರಸಂಗದಲ್ಲಿ ಮೊದಲನೆಯದು ನೂರಕ್ಕೆ ನೂರು ಸರಿ. ಕೆಟ್ಟದ್ದು ಎರಡನೆಯದು.

ಪೂರ್ತಿ ಗೊತ್ತಿಲ್ಲದ ಪದ ಜಾಸ್ತಿ ಅಪಾಯ ಮಾಡುವುದಿಲ್ಲ. ಗೊತ್ತಿಲ್ಲ ಎಂದು ಗೊತ್ತಿರುವುದರಿಂದ ನಾವು ಕೇಳಿಬಿಡುತ್ತೇವೆ. ಗೊತ್ತಿದೆ ಅಂದುಕೊಂಡ ಪದವೇ ಕೈಕೊಡುತ್ತದೆ. ಘಟ್ಟದ ಮೇಲಿನಿಂದ ಬಂದಿದ್ದ ನಮ್ಮ ಚಿಕ್ಕಮ್ಮನ ಕಾಲಿಗೆ ಗಾಯವಾಗಿ ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಿದ್ದೆವು. ಡ್ರೆಸ್ಸಿಂಗ್ ಬದಲಿಸಲು ಅವರನ್ನು "ತಿಂಗಳಾಳ್ಚ" ಬರಲು ಹೇಳಿದ್ದರು. ಚಿಕ್ಕಮ್ಮ ಒಬ್ಬರೇ ಒಳಗಿದ್ದರು. ತಿಂಗಳು ಬಿಟ್ಟು ಬರಬೇಕು ಎಂದು ತಿಳಿದುಕೊಂಡರು. ಮಲಯಾಳದಲ್ಲಿ ತಿಂಗಳಾಳ್ಚ ಎಂದರೆ ಸೋಮವಾರ. ನಮಗೆ ಗೊತ್ತಾಗುವಾಗ ಬುಧವಾರ, ಬ್ಯಾಂಡೇಜ್ ಗಾಯಕ್ಕೆ ಅಂಟಿಕೊಂಡಿತ್ತು. ಆವತ್ತು ನಾನು ಹೊರಗೆ ಕುರ್ಚಿಯಲ್ಲಿ ಮೊಬೈಲ್ ನೋಡುತ್ತಾ ಕೂತಿದ್ದೆ. ಆ ನೋವು ಇನ್ನೂ ಇದೆ.

ಇಂಥ ಪದಗಳ ಒಂದು ಪಟ್ಟಿಯನ್ನು ಮನೆಯಲ್ಲಿ ಬರೆದಿಟ್ಟುಕೊಳ್ಳಿ, ಊರಿಗೆ ಹೊಸದಾಗಿ ಬಂದವರಿಗೆ ಕೊಡಿ. ನನ್ನ ಪಟ್ಟಿಯಿಂದ ಕೆಲವು ಇಲ್ಲಿವೆ. ಔಷಧದ ಅಂಗಡಿಯಲ್ಲಿ "ಶೇಷಂ" ಎಂದರೆ ಉಳಿದದ್ದು ಎಂದಲ್ಲ, "ಆಮೇಲೆ" ಎಂದು. ಆಹಾರತ್ತಿನು ಶೇಷಂ, ಅಂದರೆ ಊಟದ ನಂತರ. "ರಂಡು ನೇರಂ" ಎನ್ನುವಾಗ ನೇರಕ್ಕೂ ಸೊಟ್ಟಕ್ಕೂ ಸಂಬಂಧವಿಲ್ಲ, ದಿನಕ್ಕೆ ಎರಡು ಹೊತ್ತು ಎಂದು. "ಕುಳಿ" ಎಂದರೆ ಗುಂಡಿಯಲ್ಲ, ಸ್ನಾನ. "ಬಸ್ ಮಾರಿ ಕಯರಣಂ" ಎಂದು ಕಂಡಕ್ಟರ್ ಹೇಳಿದರೆ ಬಸ್ ಬದಲಿಸಿ ಹತ್ತಬೇಕು ಎಂದು ಅರ್ಥ. ತುಳುವಿನವರ ಮನೆಯಲ್ಲಿ ಬಡಿಸುವಾಗ ಯಾರಾದರೂ "ಯಾವು" ಎಂದರೆ ಯಾವುದು ಎಂದು ಕೇಳುತ್ತಿಲ್ಲ, ಸಾಕು ಎನ್ನುತ್ತಿದ್ದಾರೆ. "ಬಲೆ" ಎಂದರೆ ಮರ್ಯಾದೆಯಿಂದ ಒಳಗೆ ಕರೆಯುವುದು.

ಇನ್ನು "ಪನಿ" ಎಂಬ ಒಂದು ಸದ್ದು. ಮಲಯಾಳದವರಿಗೆ ಜ್ವರ. ತುಳುವಿನವರಿಗೆ ತುಂತುರು ಮಳೆ. ಸ್ವಲ್ಪ ನಾಲಿಗೆ ಮಡಚಿ ಪಣಿ ಎಂದರೆ ಮಲಯಾಳದಲ್ಲಿ ಕೆಲಸ. ಉತ್ತರದಿಂದ ತೋಟದ ಕೆಲಸಕ್ಕೆ ಬಂದ ಹುಡುಗರಿಗೆ ಪಾನಿ ಎಂದರೆ ನೀರು. ಒಂದೇ ಅಂಗಳದಲ್ಲಿ ಈ ನಾಲ್ಕೂ ಕಿವಿಗಳಿರುವುದು ಇಲ್ಲಿ ವಿಶೇಷವೇ ಅಲ್ಲ.

ಹಾಗಾಗುವುದು ಏಕೆ ಎಂದು ವಿಲ್ಬರ್ ಶ್ರಾಮ್ 1954ರಲ್ಲಿ ಬಿಡಿಸಿ ಹೇಳಿದರು. ಪ್ರತಿಯೊಬ್ಬರ ಸುತ್ತ ಅನುಭವದ ಒಂದು ವಲಯವಿದೆ ಎಂದು ಅವರ ಮಾತು. ಬೆಳೆದ ಊರು, ಕಲಿತ ಭಾಷೆ, ಕಂಡದ್ದು, ಉಂಡದ್ದು ಎಲ್ಲ ಅದರಲ್ಲಿ ಸೇರಿದೆ. ಇಬ್ಬರ ವಲಯಗಳು ಎಲ್ಲಿ ಒಂದರ ಮೇಲೊಂದು ಬರುತ್ತವೋ ಅಲ್ಲಿ ಮಾತ್ರ ಅರ್ಥ ದಾಟುತ್ತದೆ. ಅವರ ಚಿತ್ರದಲ್ಲಿ ಇಬ್ಬರೂ ಹೇಳುವವರೇ, ಇಬ್ಬರೂ ಕೇಳುವವರೇ. ನನಗೆ ಎಲ್ಲ ಮಾದರಿಗಳಲ್ಲಿ ಇದು ಜಾಸ್ತಿ ಹತ್ತಿರದ್ದು.

ಇದನ್ನು ಬಳಸುವುದು ಹೀಗೆ. ಮಾತಿಗೆ ಮುಂಚೆ ಇಬ್ಬರಿಗೂ ಪರಿಚಯದ ಒಂದು ವಸ್ತುವನ್ನು ಹಿಡಿಯಿರಿ. ಕ್ರಯಪತ್ರ ಕೇಳಬೇಕಾದರೆ "ರಿಜಿಸ್ಟ್ರಾರ್ ಆಫೀಸಿನಲ್ಲಿ ಮಾಡಿಸಿದ ಸ್ಟಾಂಪ್ ಪೇಪರ್" ಎಂದು ಹೇಳಬಹುದು. ಒಂದು ಹಳೆಯ ಪ್ರತಿ ಕೈಯಲ್ಲಿದ್ದರೆ ತೋರಿಸಿಬಿಡಬಹುದು. ಮದ್ದಿನ ವಿಷಯವಾದರೆ ಚೀಟಿಯ ಮೇಲೆ ಸೂರ್ಯ, ಚಂದ್ರ ಬರೆಯಿಸಿಕೊಳ್ಳಿ. ದಿನವಾದರೆ ಗೋಡೆಯ ಕ್ಯಾಲೆಂಡರಿನಲ್ಲಿ ಬೆರಳಿಟ್ಟು ತೋರಿಸಲು ಹೇಳಿ.

ನಾಲ್ಕನೇ ಹೆಜ್ಜೆ: "ಗೊತ್ತಾಯ್ತಾ?" ಎಂದು ಕೇಳಬೇಡಿ

ಆ ಪ್ರಶ್ನೆಗೆ ಎಲ್ಲರೂ "ಹ್ಞಾಂ" ಎನ್ನುತ್ತಾರೆ. ಸಂಕೋಚಕ್ಕೆ ಕೆಲವರು, ಹಿರಿಯರೆಂಬ ಗೌರವಕ್ಕೆ ಕೆಲವರು. ನಿಜವಾಗಿ ಗೊತ್ತಾಯಿತು ಎಂದು ನಂಬಿ ಹೇಳುವವರೂ ಇದ್ದಾರೆ, ನಮ್ಮ ಚಿಕ್ಕಮ್ಮನ ಹಾಗೆ.

ಮರುಮಾತಿನ ಕಲ್ಪನೆ ಸಂವಹನಕ್ಕೆ ಬಂದದ್ದು ಯಂತ್ರಗಳನ್ನು ನಿಯಂತ್ರಿಸುವ ಶಾಸ್ತ್ರದಿಂದ. 1948ರಲ್ಲೇ ನಾರ್ಬರ್ಟ್ ವೀನರ್ ಅದರ ಬಗ್ಗೆ ಬರೆದಿದ್ದರು. ಹೊರಗೆ ಹೋದದ್ದರ ಫಲ ಮರಳಿ ಬಂದು ಮುಂದಿನ ನಡೆಯನ್ನು ತಿದ್ದಬೇಕು. ಓವರ್‌ಹೆಡ್ ಟ್ಯಾಂಕಿನ ಫ್ಲೋಟ್ ವಾಲ್ವ್ ಮಾಡುವ ಕೆಲಸ ಅದೇ. "ಹ್ಞಾಂ" ಎಂಬುದು ಮರುಮಾತಿನ ಹಾಗೆ ಕಾಣುತ್ತದೆ, ಆದರೆ ತಿದ್ದಲು ಅದರಲ್ಲಿ ಏನೂ ಇಲ್ಲ.

ಆರೋಗ್ಯ ಕ್ಷೇತ್ರದಲ್ಲಿ ಇದಕ್ಕೊಂದು ಒಳ್ಳೆಯ ಪದ್ಧತಿ ಇದೆ. ರೋಗಿಯೇ ತನ್ನ ಮಾತಿನಲ್ಲಿ ಮರಳಿ ಹೇಳಬೇಕು. ಅದನ್ನು ಪರೀಕ್ಷೆಯಂತೆ ಕೇಳಬಾರದು, ಭಾರವನ್ನು ಹೇಳಿದವರೇ ಹೊರಬೇಕು. "ನಾನು ಸರಿಯಾಗಿ ಹೇಳಿದೆನೋ ಇಲ್ವೋ ನೋಡುವ ಅತ್ತೆ, ಮನೆಯಲ್ಲಿ ಕೇಳಿದರೆ ಎಂತ ಹೇಳ್ತೀರಿ?" ಎಂದು ಕೇಳಿ. ಅವರು ಹೇಳುವ ಎರಡು ವಾಕ್ಯದಲ್ಲಿ ತಪ್ಪು ಎಲ್ಲಿದೆ ಎಂದು ಕೂಡಲೇ ಕಾಣುತ್ತದೆ. ಅಷ್ಟನ್ನು ಮಾತ್ರ ತಿದ್ದಿ, ಮತ್ತೊಮ್ಮೆ ಹೇಳಿಸಿ.

ನೀವು ಕೇಳುವ ಜಾಗದಲ್ಲಿದ್ದರೂ ಇದೇ ದಾರಿ. ಕಚೇರಿಯಿಂದ ಹೊರಡುವ ಮುಂಚೆ "ಅಂದರೆ ನಾನು ಸೋಮವಾರ ಕ್ರಯಪತ್ರದ ಮೂಲಪ್ರತಿ, ಒಂದು ಜೆರಾಕ್ಸ್ ತರಬೇಕು, ಅಲ್ವಾ ಸರ್?" ಎಂದು ಕೇಳಿ. ಅರ್ಧ ನಿಮಿಷದ ಮಾತು ಒಂದು ದಿನದ ಅಲೆದಾಟ ಉಳಿಸುತ್ತದೆ.

ಐದನೇ ಹೆಜ್ಜೆ: ಮಾತಿನ ಒಳಗಿನ ನಂಟು

"ಎಲ್ಲಿಗೆ ಹೊರಟದ್ದು?" ಎಂದು ದಾರಿಯಲ್ಲಿ ಸಿಕ್ಕವರು ಕೇಳುತ್ತಾರೆ. ಊರು ಬಿಟ್ಟು ಬೆಂಗಳೂರಿನಲ್ಲಿ ಬೆಳೆದ ಮಕ್ಕಳಿಗೆ ಇದು ಇಷ್ಟವಾಗುವುದಿಲ್ಲ, ಅವರಿಗ್ಯಾಕೆ ಎನ್ನುತ್ತಾರೆ. ಆದರೆ ಕೇಳಿದವರಿಗೆ ವಿಳಾಸ ಬೇಡ. "ಊಟ ಆಯ್ತಾ", "ವನಸ್ ಆಂಡಾ" ಎಂಬುದೂ ಅಷ್ಟೇ. ನಾವಿಬ್ಬರೂ ಮಾತಾಡುವ ಜನ ಎಂದು ಗಟ್ಟಿ ಮಾಡಿಕೊಳ್ಳುವ ಮಾತು ಅದು. ಮಾನವಶಾಸ್ತ್ರಜ್ಞ ಮಾಲಿನೋವ್‌ಸ್ಕಿ 1923ರಲ್ಲೇ ಇದನ್ನು ಗುರುತಿಸಿದ್ದರು. ಪೌಲ್ ವಾಟ್ಸ್‌ಲಾವಿಕ್ ಮತ್ತು ಜೊತೆಗಾರರು 1967ರಲ್ಲಿ ಇನ್ನೂ ಮುಂದೆ ಹೋದರು. ಪ್ರತಿ ಮಾತಿನಲ್ಲೂ ವಿಷಯ ಒಂದಿದೆ, ಸಂಬಂಧ ಒಂದಿದೆ ಎಂದರು.

ಆದ್ದರಿಂದ ಕರೆಯುವ ಪದವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಅಣ್ಣ, ಅಕ್ಕ, ಭಾವ, ಅಣ್ಣೇರೇ, ಏಟ್ಟಾ, ಚೇಚ್ಚಿ, ಇಚ್ಚಾ. ಎದುರಿನವರ ಮನೆಯಲ್ಲಿ ಬಳಸುವ ಪದದಿಂದ ಕರೆದರೆ ಅರ್ಧ ಬಾಗಿಲು ತೆರೆಯುತ್ತದೆ. ಮುಂದಿನ ಮಾತು ಹರುಕುಮುರುಕು ಮಲಯಾಳವಾದರೂ ಅವರು ತಾಳ್ಮೆಯಿಂದ ಕೇಳುತ್ತಾರೆ.

ಇನ್ನೊಂದು, ನಮ್ಮ ಕಡೆಯ "ನೋಡುವ". ದೇವಸ್ಥಾನದ ಕೆಲಸಕ್ಕೆ ಬರುತ್ತೀರಾ ಎಂದು ಕೇಳಿದಾಗ "ನೋಡುವ" ಎಂದರೆ ಹೆಚ್ಚಿನ ಸಲ ಅದು ಮೆತ್ತಗೆ ಹೇಳಿದ "ಇಲ್ಲ". ಮುಖ ನೋಡಿ ಇಲ್ಲ ಎನ್ನಲು ಮನಸ್ಸು ಬಾರದವರ ಮಾತು. ಅದನ್ನು ಹೌದು ಎಂದು ಲೆಕ್ಕ ಹಾಕಿದರೆ ಬಡಿಸಲು ಜನ ಇರುವುದಿಲ್ಲ. "ಆಗದಿದ್ದರೆ ಒಂಚೂರೂ ಬೇಸರವಿಲ್ಲ, ಗುರುವಾರದೊಳಗೆ ಒಂದು ಮಾತು ಹೇಳಿ" ಎಂದು ದಾರಿ ಬಿಟ್ಟುಕೊಡಿ. ಆಗ ನಿಜವಾದ ಉತ್ತರ ಬರುತ್ತದೆ.

ಮುಖಭಾವ, ಕೈಸನ್ನೆ, ಸ್ವರ ಎಲ್ಲವನ್ನೂ ಗಮನಿಸಲೇಬೇಕು. ಆದರೆ ತರಬೇತಿ ಶಿಬಿರಗಳಲ್ಲಿ ಹೇಳುವ "ಸಂವಹನದ ಶೇಕಡಾ 93 ಭಾಗ ಮಾತಿಲ್ಲದ್ದು" ಎಂಬುದನ್ನು ನಂಬಬೇಡಿ. ಆಲ್ಬರ್ಟ್ ಮೆಹ್ರಾಬಿಯನ್ 1967ರಲ್ಲಿ ಪ್ರಕಟಿಸಿದ ಪ್ರಯೋಗಗಳಿಂದ ಆ ಅಂಕಿ ಬಂತು. ಇಷ್ಟವೋ ಅಲ್ಲವೋ ಎಂಬ ಭಾವನೆಯನ್ನು ಬಿಡಿ ಪದ, ಸ್ವರ, ಮುಖಭಾವಗಳಿಂದ ಜನ ಹೇಗೆ ಊಹಿಸುತ್ತಾರೆ ಎಂದು ಅವರು ನೋಡಿದ್ದು. ಎಲ್ಲ ಮಾತಿಗೂ ಅದು ಅನ್ವಯಿಸುವುದಿಲ್ಲ ಎಂದು ಅವರೇ ಸ್ಪಷ್ಟಪಡಿಸಿದ್ದಾರೆ. "ಸೋಮವಾರ ಬನ್ನಿ" ಎಂಬುದನ್ನು ಯಾವ ಮುಖಭಾವವೂ ಹೇಳಲಾರದು.

ಆರನೇ ಹೆಜ್ಜೆ: ಎದುರಿನವರು ಸುಮ್ಮನಿದ್ದರೂ ಮಾತಾಡುತ್ತಿದ್ದಾರೆ

1970ರಲ್ಲಿ ಡೀನ್ ಬಾರ್ನ್‌ಲಂಡ್ ಕೊಟ್ಟ ಮಾದರಿ ಇದು. ಹೇಳುವುದು, ಕೇಳುವುದು ಒಂದಾದ ಮೇಲೊಂದು ನಡೆಯುವುದಿಲ್ಲ, ಎರಡೂ ಒಟ್ಟಿಗೆ ನಡೆಯುತ್ತವೆ, ಅರ್ಥವನ್ನು ಇಬ್ಬರೂ ಸೇರಿ ಕಟ್ಟುತ್ತಾರೆ. ಪುಸ್ತಕದಲ್ಲಿ ಓದುವಾಗ ಇದು ಸ್ವಲ್ಪ ಕಷ್ಟ. ತಾಳಮದ್ದಳೆ ಕೇಳಿದವರಿಗೆ ಕಷ್ಟವಿಲ್ಲ. ಭಾಗವತರ ಪದ್ಯ ಮುಗಿಯುತ್ತದೆ, ಅರ್ಥಧಾರಿ ಮಾತು ಶುರುಮಾಡುತ್ತಾರೆ. ಬರೆದಿಟ್ಟ ಸಂಭಾಷಣೆ ಇಲ್ಲ. ಎದುರಿನ ಪಾತ್ರಧಾರಿಯ ಹುಬ್ಬು ಏರಿದ್ದನ್ನು ನೋಡಿ ಇವರ ವಾದ ತಿರುಗುತ್ತದೆ, ಸಭೆಯ ನಗು ಕೇಳಿ ಇನ್ನೊಂದು ಉಪಮೆ ಹುಟ್ಟುತ್ತದೆ. ಯಕ್ಷಗಾನದ ಹಳೆಯ ಕವಿ ಪಾರ್ತಿಸುಬ್ಬನ ಕುಂಬಳೆಯ ನೆಲ ಇದು. ಶೇಣಿ ಗೋಪಾಲಕೃಷ್ಣ ಭಟ್ಟರಂಥ ಅರ್ಥಧಾರಿಗಳು ಬೆಳೆದದ್ದು ಇಲ್ಲೇ. ಒಳ್ಳೆಯ ಅರ್ಥಗಾರಿಕೆಗೆ ಒಳ್ಳೆಯ ಎದುರಾಳಿಯೂ ಒಳ್ಳೆಯ ಸಭೆಯೂ ಬೇಕು ಎಂದು ನಮ್ಮ ಹಿರಿಯರಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

ನಮ್ಮ ಕಾವ್ಯಶಾಸ್ತ್ರದಲ್ಲಿ ಅಂಥ ಕೇಳುಗನಿಗೆ ಸಹೃದಯ ಎಂಬ ಹೆಸರಿದೆ. ನೇಪಾಳದ ವಿದ್ವಾಂಸ ನಿರ್ಮಲ ಮಣಿ ಅಧಿಕಾರಿ 2003ರಲ್ಲಿ ಸಾಧಾರಣೀಕರಣ ಎಂಬ ಸಂವಹನ ಮಾದರಿಯನ್ನು ಮುಂದಿಟ್ಟಾಗ ಈ ಸಹೃದಯನನ್ನೇ ನಡುವೆ ಇಟ್ಟರು. ಹೇಳುವವನೂ ಕೇಳುವವನೂ ಇಬ್ಬರೂ ಸಹೃದಯರಾಗುವುದೇ ಅಲ್ಲಿ ಸಂವಹನದ ಗೆಲುವು.

ಸಭೆ ನಡೆಸುವವರಿಗೆ ಇದರಿಂದ ಸಿಗುವ ಪಾಠ ನೇರ. ಕಾಗದ ನೋಡಿ ಓದಬೇಡಿ. ಐದು ನಿಮಿಷಕ್ಕೊಮ್ಮೆ ಹಿಂದಿನ ಬೆಂಚನ್ನು ನೋಡಿ. ಕುಟುಂಬಶ್ರೀ, ಅಂದರೆ ಕೇರಳದ ಮಹಿಳಾ ಸ್ವಸಹಾಯ ಗುಂಪಿನ ಸಭೆಯಲ್ಲಿ ಇಬ್ಬರು ಪಿಸುಗುಟ್ಟುತ್ತಿದ್ದರೆ ಹೆಚ್ಚಾಗಿ ಒಬ್ಬಾಕೆ ಇನ್ನೊಬ್ಬಾಕೆಗೆ ಮಲಯಾಳದ್ದನ್ನು ತುಳುವಿಗೆ ಮಾಡಿ ಹೇಳುತ್ತಿರುತ್ತಾರೆ. ಗದರಿಸಬೇಡಿ. ಮಾತು ನಿಲ್ಲಿಸಿ, ಆಕೆಗೇ ಎಲ್ಲರಿಗೂ ಕೇಳುವಂತೆ ಹೇಳಲು ಅವಕಾಶ ಕೊಡಿ.

ಏಳನೇ ಹೆಜ್ಜೆ: ಬರೆದು ಕಳಿಸುವಾಗ

ಬರಹದಲ್ಲಿ ಮುಖ ಕಾಣುವುದಿಲ್ಲ, ಮರುಮಾತು ತಡವಾಗಿ ಬರುತ್ತದೆ. ಹಾಗಾಗಿ ಮೊದಲೇ ಎಚ್ಚರ ಬೇಕು. ಹೆರಾಲ್ಡ್ ಲಾಸ್ವೆಲ್ 1948ರಲ್ಲಿ ಕೇಳಿದ ಐದು ಪ್ರಶ್ನೆ ಇದಕ್ಕೆ ಸಾಕು: ಯಾರು, ಏನನ್ನು, ಯಾವ ದಾರಿಯಲ್ಲಿ, ಯಾರಿಗೆ ಹೇಳುತ್ತಾರೆ, ಪರಿಣಾಮ ಏನು?

ವಾಟ್ಸಾಪ್ ಗುಂಪಿನಲ್ಲಿ "ನಾಳೆ ಮೀಟಿಂಗ್, ಎಲ್ಲರೂ ಬನ್ನಿ" ಎಂಬ ಸಂದೇಶ ನೀವೂ ನೋಡಿರುತ್ತೀರಿ. ರಾತ್ರಿ ಹನ್ನೊಂದಕ್ಕೆ ಹಾಕಿದ್ದನ್ನು ಬೆಳಿಗ್ಗೆ ನೋಡಿದವರಿಗೆ ಯಾವ ನಾಳೆ? ಬೇರೆ ಗುಂಪಿಗೆ ಫಾರ್ವರ್ಡ್ ಆದ ಮೇಲೆ ಯಾರ ಮೀಟಿಂಗ್? ಹೀಗೆ ಬರೆಯಿರಿ: "12ನೇ ತಾರೀಕು ಭಾನುವಾರ ಬೆಳಿಗ್ಗೆ ಹತ್ತೂವರೆಗೆ ನಮ್ಮ ಭಜನಾ ಮಂದಿರದಲ್ಲಿ ಬಾವಿ ರಿಪೇರಿ ಬಗ್ಗೆ ಸಭೆ. ಬರುವವರು ಶನಿವಾರ ಸಂಜೆಯೊಳಗೆ ಇಲ್ಲೇ ತಿಳಿಸಿ, ಊಟದ ಲೆಕ್ಕಕ್ಕೆ ಬೇಕು. ಕಾರ್ಯದರ್ಶಿ." ಜೊತೆಗೆ ಇದನ್ನೇ ತುಳುವಿನಲ್ಲೋ ಮಲಯಾಳದಲ್ಲೋ ಹೇಳಿದ ಅರ್ಧ ನಿಮಿಷದ ವಾಯ್ಸ್ ಮೆಸೇಜ್ ಹಾಕಿ. ಕನ್ನಡ ಓದಲು ಬಾರದ ನೆರೆಮನೆಯವರಿಗೂ ತಲುಪುತ್ತದೆ.

ಕಚೇರಿಗೆ ಅರ್ಜಿ ಬರೆಯುವವರಿಗೆ ಒಂದು ಮಾತು. ಕನ್ನಡದಲ್ಲಿ ಬರೆಯಲು ಹಿಂಜರಿಯಬೇಡಿ. ಅಹವಾಲನ್ನು ಒಕ್ಕೂಟದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೇ ವಿಧಿ ಕೊಟ್ಟಿದೆ. 1956ರ ನವೆಂಬರ್ 1ಕ್ಕೆ ನಮ್ಮ ಊರು ಕೇರಳಕ್ಕೆ ಸೇರಿತು, ನಮ್ಮ ಭಾಷೆ ನಮ್ಮ ಜೊತೆಯೇ ಉಳಿಯಿತು. ಆದರೆ ಹಕ್ಕು ಬೇರೆ, ಅರ್ಥ ದಾಟುವುದು ಬೇರೆ. ಅರ್ಜಿ ಓದುವ ಅಧಿಕಾರಿ ತಿರುವನಂತಪುರದ ಕಡೆಯಿಂದ ವರ್ಗವಾಗಿ ಬಂದವರಿರಬಹುದು. ಅರ್ಜಿಯನ್ನು ಕನ್ನಡದಲ್ಲೇ ಬರೆಯಿರಿ, ಮೇಲೆ ಎರಡು ಸಾಲಿನ ಸಾರಾಂಶವನ್ನು ಮಲಯಾಳದಲ್ಲಿ ಅಕ್ಷಯ ಕೇಂದ್ರದಲ್ಲಿ (ಕೇರಳ ಸರ್ಕಾರದ ಆನ್‌ಲೈನ್ ಸೇವಾ ಕೇಂದ್ರ) ಟೈಪ್ ಮಾಡಿಸಿ. ಸರ್ವೆ ನಂಬರ್, ತಂಡಪ್ಪೇರ್ ನಂಬರ್ (ವಿಲ್ಲೇಜ್ ಆಫೀಸಿನಲ್ಲಿ ಜಾಗದ ತೆರಿಗೆ ಖಾತೆಯ ನಂಬರ್), ತೆರಿಗೆ ರಶೀದಿಯ ತಾರೀಕು ಇವನ್ನು ಅಂಕಿಗಳಲ್ಲಿ ಪ್ರತ್ಯೇಕ ಸಾಲಿನಲ್ಲಿ ಕೊಡಿ. ಅಂಕಿಗೆ ಭಾಷೆಯ ತೊಡಕಿಲ್ಲ. ಹೆಸರನ್ನು ಎಲ್ಲ ದಾಖಲೆಯಲ್ಲೂ ಇದ್ದ ಹಾಗೇ ಬರೆಯಿರಿ. ಭಟ್, ಭಟ್ಟ ಎಂಬ ಸಣ್ಣ ವ್ಯತ್ಯಾಸಕ್ಕೂ ಕಡತ ನಿಲ್ಲುತ್ತದೆ. ಏನು ಬೇಕು ಎಂಬುದನ್ನು ಮೊದಲ ವಾಕ್ಯದಲ್ಲೇ ಹೇಳಿ. ಕುಟುಂಬದ ಕಥೆ ಆಮೇಲೆ ಬರಲಿ.

ನಮ್ಮ ಬಂಧು ಮುಂದಿನ ವಾರ ಮತ್ತೆ ಹೋದರು. ಈ ಸಲ ಕ್ರಯಪತ್ರ, ಕಾರ್ಡ್ ಎರಡೂ ಚೀಲದಲ್ಲಿದ್ದವು. ಮೇಜಿನ ಮೇಲೆ ಎರಡನ್ನೂ ಇಟ್ಟು "ಇದ್ ಆಧಾರಂ, ಇದ್ ಆಧಾರ್" ಎಂದರಂತೆ. ಕುರ್ಚಿಯಲ್ಲಿದ್ದವರು ಎದ್ದು ಒಳಗಿನಿಂದ ಇವರಿಗೊಂದು ಸ್ಟೂಲ್ ತಂದು ಕೊಟ್ಟರು.